ಮೂರನೆಯ ರಿಸೀವರ್

ಚಿತ್ರ ಮತ್ತೆ ಹೋಯಿತು.

ಧಾರಾವಾಹಿಯ ಅತ್ತೆ ಬಾಯಿ ತೆರೆದಿದ್ದಳು, ಗುಟ್ಟು ಇನ್ನೇನು ಹೊರಬೀಳಬೇಕು, ಅಷ್ಟರಲ್ಲಿ ಟಿವಿ ಕಪ್ಪಾಯಿತು. ಅಮ್ಮ ಹೊಲಿಗೆ ಯಂತ್ರದ ಮೋಟಾರು ನಿಲ್ಲಿಸಿ, ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು.

"ಬಂದೆ, ಇರಿ! ನನ್ನ ಪ್ರಾಣ ತಿನ್ನೋಕೇ ಹುಟ್ಟಿದ ಮನುಷ್ಯ."

ಮಂಡಿ ಹಿಡಿದುಕೊಂಡು, ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಅಂಗಳ ದಾಟಿ, ಹಿಂದಿನ ಕೋಣೆಗೆ ಹೋಗುವ ಅಮ್ಮನನ್ನು ಮಗಳು ನೋಡಿದಳು. ಇನ್ನು ಇಲ್ಲೇ ಇದ್ದು ಅಮ್ಮನಿಗೆ ನೆರವಾಗುವುದೆಂದು ಗಂಟುಮೂಟೆ ಕಟ್ಟಿಕೊಂಡು ಬಂದವಳು ಅವಳು. ಬಂದಾಗಿನಿಂದ ನೋಡುತ್ತಿರುವುದು ಇದೇ ಆಟ.

ಅಪ್ಪ ಮೊದಲಿನಿಂದಲೂ ಹಾಗೆಯೇ. ಅಮ್ಮನ ಕತ್ತರಿ ಬಚ್ಚಿಟ್ಟು, ಅವಳು ಹುಡುಕಿ ಸುಸ್ತಾಗಿ ಬಂದು ಕೇಳುವವರೆಗೂ ಪೇಪರಿನ ಹಿಂದೆ ನಗುತ್ತ ಕೂರುವ ಗಂಡಸು. ಪಾರ್ಶ್ವವಾಯು ಬಡಿದು ಮಾತು ಹೋಯಿತು, ಕಾಲು ಹೋಯಿತು, ಒಂದು ಕೈ ಮಾತ್ರ ಉಳಿಯಿತು. ಆ ಕೈಯಲ್ಲಿ ರಿಮೋಟು. ಮನೆಯಲ್ಲಿ ಯಾರಿಗೂ ತಿಳಿಯದ ಯಾವುದೋ ಭಾಷೆಯ ಚಾನೆಲ್ ಅಲ್ಲಿ ಹಾಕುತ್ತಾನೆ, ಇಲ್ಲಿ ಅಮ್ಮನ ಟಿವಿ ಸಾಯುತ್ತದೆ. ಮಾತು ಹೋದರೂ ತುಂಟತನ ಹೋಗಿಲ್ಲವೆಂದು ಮಗಳು ತೀರ್ಮಾನಿಸಿದ್ದಳು. ಹೋದ ಸಲ ಬಂದಾಗ ಅಪ್ಪನ ಹಾಸಿಗೆ ಪಕ್ಕ ಇರಲಿ ಎಂದು ತಾನು ಕೊಟ್ಟಿದ್ದ ಗಂಟೆ ಅಂಗಿಯ ಗುಂಡಿಗಳ ಡಬ್ಬದಲ್ಲಿ ಬಿದ್ದಿತ್ತು. "ಮೋಟಾರು ಸದ್ದಲ್ಲಿ ಅದ್ಯಾರಿಗೆ ಕೇಳುತ್ತೆ?" ಎಂದಿದ್ದಳು ಅಮ್ಮ.

ಚಿತ್ರ ಬಂತು. ಹಿಂದೆಯೇ ಖಾಲಿ ಲೋಟ ಹಿಡಿದು ಅಮ್ಮ ಬಂದಳು.

"ಮತ್ತೆ ಅಪ್ಪನ ಕಾಟಾನಾ?"

"ಕಾಟ ಅಲ್ದೆ ಇನ್ನೇನು? ಒಂದು ಕಂತು ಪೂರ್ತಿ ನೋಡಿದ್ದು ನನಗೆ ನೆನಪೇ ಇಲ್ಲ."

"ಬಯ್ಯಬಾರದಾ?"

"ಬಯ್ದೇ ಬಂದೆ. ನಗ್ತಾರೆ." ಅಮ್ಮ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಮರುದಿನ, ಹೊಲಿದ ಬಟ್ಟೆ ಕೊಡಲು ಅಮ್ಮ ಹೊರಟದ್ದೇ ತಡ, ಮಗಳು ಡಿಶ್ಶಿನವನನ್ನು ಕರೆಸಿದಳು. ಪಕ್ಕದ ಕೋಣೆಗೆ ತಾನು ತಂದ ಟಿವಿಗೂ ಒಂದು ರಿಸೀವರ್ ಬೇಕಿತ್ತು. ಆತ ತಾರಸಿ ಹತ್ತಿ ಇಳಿದು, ತಲೆ ಕೆರೆದುಕೊಂಡ.

"ಇದೇನಮ್ಮ! ಒಂದು ಡಿಶ್ಶಿಗೆ ಎರಡು ಪೆಟ್ಟಿಗೆ, ನಡುವೆ ಈ ಬಡಪಾಯಿ ಸ್ಪ್ಲಿಟರ್. ಹಿಂದಿನವರು ಕೆಲವು ಚಾನೆಲ್ ಹಾಕಿದ್ರೆ ಮುಂದಿನವರಿಗೆ ಗ್ರಹಣ. ಯಾವ ಮಹಾನುಭಾವ ಹಾಕಿದ್ದು?"

"ನಮ್ಮಪ್ಪನೇ. ಕೈಕಾಲು ಗಟ್ಟಿ ಇದ್ದಾಗ."

"ಮೂರನೇದನ್ನೂ ಇದಕ್ಕೇ ಕಟ್ಟಿದ್ರೆ ಮೂರೂ ಜುಟ್ಟು ಹಿಡ್ಕೊಂಡು ಕಿತ್ತಾಡ್ತವೆ. ಡಿಶ್ಶಿನ ಮೂತಿ ಬದಲಾಯಿಸಿ, ನಾಲ್ಕು ಬಾಯಿಯ ಸ್ವಿಚ್ ಹಾಕ್ತೀನಿ. ಒಂದೊಂದು ಕೋಣೆಗೂ ಬೇರೆ ಕೇಬಲ್. ಆಮೇಲೆ ಒಬ್ಬರು ಏನು ಮಾಡಿದ್ರೂ ಇನ್ನೊಬ್ಬರಿಗೆ ಗೊತ್ತೇ ಆಗಲ್ಲ."

"ಅದೇ ಬೇಕಾಗಿರೋದು," ಎಂದಳು ಮಗಳು.

ಹೊಸ ಕೇಬಲ್ ಹಿಂದಿನ ಕೋಣೆಗೆ ಬಂದಾಗ ಅಪ್ಪ ರಗಳೆ ತೆಗೆದ. ರಿಮೋಟನ್ನು ಎದೆಗೆ ಅವುಚಿಕೊಂಡು "ಊಂ, ಊಂ" ಎಂದು ತಲೆ ಆಡಿಸಿದ. ಮಗಳ ಮಣಿಕಟ್ಟು ಹಿಡಿದ. ಮುಂದಿನ ಕೋಣೆಯ ಕಡೆ ತೋರಿಸಿದ, ರಿಮೋಟು ತೋರಿಸಿದ, ಮತ್ತೆ ಅದನ್ನೇ ತೋರಿಸಿದ. ಕಣ್ಣಲ್ಲಿ ನೀರು.

"ಗೊತ್ತು, ಗೊತ್ತು. ನಿಮ್ಮ ಆಟ ಮುಗೀತು. ಎಷ್ಟು ಹಟ ಅಪ್ಪಾ ನಿಮಗೆ! ಅಮ್ಮ ಒಂದು ಗಳಿಗೆ ನೆಮ್ಮದಿಯಾಗಿ ಕೂತ್ರೆ ಆಗಲ್ವಾ?" ಅವನ ಗಲ್ಲ ಒರೆಸಿ, ಹೊದಿಕೆ ಸರಿ ಮಾಡಿ, ಮಗಳು ಹೊರಬಂದಳು.

ಅಮ್ಮ ಬಂದು ಇಣುಕಿದಾಗ ಅಪ್ಪನಿಗೆ ದಣಿದು ಜೋಂಪು ಹತ್ತಿತ್ತು. ಅವಳು ಸದ್ದಿಲ್ಲದೆ ಬಾಗಿಲು ಓರೆ ಮಾಡಿ, ಮುಂದಿನ ಕೋಣೆಗೆ ಬಂದು ಮೋಟಾರು ಹಾಕಿದಳು. ಟಿವಿ ಹಾಕಿದಳು. ಮಗಳು ಪಕ್ಕದಲ್ಲಿ ಕಾಜ ಹಾಕುತ್ತ ಕುಳಿತಳು. ಹೊಸ ಸ್ವಿಚ್ಚಿನ ಸಂಗತಿ ನಾಲಿಗೆ ತುದಿಯಲ್ಲೇ ಇತ್ತು. ಕಂತು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡಳು.

ಕಳೆದುಹೋಗಿದ್ದ ಅಣ್ಣ ಸಿಕ್ಕುವ ಕಂತು ಅದು. ಅತ್ತೆ ಗುಟ್ಟು ಬಿಟ್ಟಳು. ತಂಗಿ ಓಡಿಬಂದಳು. ಚಿತ್ರ ಒಂದು ಸಲವೂ ಮಿನುಗಲಿಲ್ಲ. ಅಮ್ಮ ನಕ್ಕಳು, ಅತ್ತಳು, ಹೊಲಿಯುತ್ತಿದ್ದ ಬಟ್ಟೆಗೇ ಮೂಗು ಒರೆಸಿಕೊಳ್ಳಲು ಹೋಗಿ ತಾನೇ ನಾಚಿಕೊಂಡಳು.

"ಇವತ್ತು ಒಳ್ಳೆ ನಿದ್ದೆ ಬಂದಿದೆ ಅವರಿಗೆ," ಎಂದಳು.

ಮಗಳು ತುಟಿ ಕಚ್ಚಿ ನಗು ತಡೆದಳು. ಅಮ್ಮನ ಮುಖ ಅಷ್ಟು ಹಗುರಾಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಕಂತು ಮುಗಿಯಿತು. ಅಮ್ಮ ಲೋಟಕ್ಕೆ ನೀರು ತುಂಬಿಕೊಂಡಳು. "ಯಾಕೋ ಬಹಳ ಹೊತ್ತಾಯ್ತು. ನೋಡ್ಕೊಂಡು ಬರ್ತೀನಿ." ಮಗಳು ಹಿಂದೆಯೇ ಹೊರಟಳು. ಇಬ್ಬರ ಮುಂದೆಯೂ ಹೇಳಿ, ಅಪ್ಪನನ್ನು ಒಂದಿಷ್ಟು ರೇಗಿಸುವ ಆಸೆ ಅವಳಿಗೆ.

ಲೋಟ ಬಾಗಿಲಲ್ಲೇ ಬಿತ್ತು.

ಅಪ್ಪ ಹಾಸಿಗೆಯಿಂದ ಅರ್ಧ ಜಾರಿದ್ದ. ಹೊದಿಕೆ ನೆಲದ ಮೇಲಿತ್ತು. ಬಾಯಿ ಉಸಿರಿಗಾಗಿ ತೆರೆದದ್ದು ತೆರೆದಂತೆಯೇ ಉಳಿದಿತ್ತು. ಟಿವಿಯಲ್ಲಿ ಯಾರೋ ಆ ತಿಳಿಯದ ಭಾಷೆಯಲ್ಲಿ ವಾರ್ತೆ ಓದುತ್ತಿದ್ದರು. ರಿಮೋಟು ಹಿಡಿದ ಕೈ ತಣ್ಣಗಾಗಿತ್ತು. ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಅಮ್ಮ ಅವನ ತಲೆಯನ್ನು ತೊಡೆಗೆ ಎಳೆದುಕೊಂಡು, ಕೆನ್ನೆ ತಟ್ಟಿ, ಭುಜ ಹಿಡಿದು ಅಲುಗಾಡಿಸಿದಳು.

"ಒಂದು ಸಲ ಕರೀಬಾರದಿತ್ತೇನ್ರೀ? ಟಿವಿಯಿಂದ ಕಣ್ಣು ತೆಗೆದಿಲ್ಲ ನಾನು... ಚಿತ್ರ ಹೋದ ತಕ್ಷಣ ಎದ್ದು ಬರ್ತಿದ್ದೆನಲ್ಲ, ಯಾವತ್ತೂ ಬರ್ತಿದ್ದೆನಲ್ಲ!"