ಬಾಣಂತಿಸೊಪ್ಪು

ಬಂಡೆಯ ಸಂದಿಗೆ ಬಗ್ಗಿದೊಡನೆ ಶಾಮಲಮ್ಮನ ಮೂಗಿಗೆ ತಂಗಿ ಹುಟ್ಟಿದಾಗಿನ ಬಚ್ಚಲುಮನೆಯ ವಾಸನೆ ಬಡಿಯಿತು. ಸೌದೆಯ ಹೊಗೆ, ಹರಳೆಣ್ಣೆ, ಅವೆರಡನ್ನೂ ಮೀರಿ ಹಂಡೆಯಲ್ಲಿ ಕುದಿಯುತ್ತಿದ್ದ ಬಾಣಂತಿಸೊಪ್ಪಿನ ಘಾಟು. ಮೊಣಕಾಲೆತ್ತರದ ಗಿಡ. ಹಾಗಾದರೆ ಮೂರನೆಯದೊಂದು ಉಳಿದಿತ್ತು!

ಕೋಲಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಆಕೆಗೆ, ಹೋದ ವರ್ಷ ಈ ಟೇಕಲ್ ಬೆಟ್ಟದಲ್ಲಿ ಇಂಥ ಎರಡು ಗಿಡಗಳನ್ನು ತೋರಿಸಿದವಳು ಮೇಕೆ ಕಾಯುವ ದೊಡ್ಡಮುನಿಯಮ್ಮ. ಬೇರೆಲ್ಲೂ ಉಳಿದಿಲ್ಲವೆಂದು ಪುಸ್ತಕಗಳು ಹೇಳುತ್ತಿದ್ದ ಗಿಡ. ಸಂತೋಷ ತಡೆಯಲಾರದೆ ಶಾಮಲಮ್ಮ ಬೆಂಗಳೂರಿನ ಸಂರಕ್ಷಣಾ ಕಚೇರಿಗೆ ಕಾಗದ ಬರೆದರು. ಕಾಪಾಡಲೆಂದು ಜೀಪು ಬಂತು. ಎರಡೂ ಗಿಡ ಬೇರುಸಮೇತ ಕುಂಡ ಸೇರಿ, ಹದಿನೈದೇ ದಿನಕ್ಕೆ ಒಣಗಿದವು. ಅಂದಿನಿಂದ ದೊಡ್ಡಮುನಿಯಮ್ಮ ಶಾಮಲಮ್ಮನ ಜೊತೆ ಮಾತು ಬಿಟ್ಟಿದ್ದಳು. ಇವತ್ತು ಬೆಳಿಗ್ಗೆ, ಅಧಿಕಾರಿಯ ಜೊತೆ ಮತ್ತೆ ಹುಡುಕಲು ಬಂದಾಗ ಕೈಮುಗಿದರೂ ಮುಖ ತಿರುಗಿಸಿದ್ದಳು.

"ಏನಾದ್ರೂ ಸಿಕ್ತಾ ಮೇಡಂ?" ಏದುಸಿರು ಬಿಡುತ್ತ ಹತ್ತಿಬಂದ ಸಂರಕ್ಷಣಾಧಿಕಾರಿ ವೆಂಕಟರಾಯಪ್ಪ, ಬಂಡೆಗೊರಗಿ ಕೂತು, ಟೋಪಿ ತೆಗೆದು ಕೈಗೆ ಸಿಕ್ಕ ಕೊಂಬೆಗೆ ಸಿಕ್ಕಿಸಿದರು. ಅದು ಆ ಗಿಡದ್ದೇ; ಹೋದ ಸಲ ಕಿತ್ತವರು ಆಳುಗಳು, ಇವರು ನೋಡಿದ್ದು ವರದಿಯನ್ನಷ್ಟೇ. "ಒಂದೇ ಒಂದು ಸಿಕ್ರೂ ಸಾಕು. ಈ ಸಲ ದೊಡ್ಡ ಕುಂಡ ತಂದಿದ್ದೀನಿ."

ಆಚೆ ಕೋಲೂರಿ ನಿಂತಿದ್ದ ದೊಡ್ಡಮುನಿಯಮ್ಮ ಮೇಕೆಗಳಿಗೆ ಹೇಳುವಂತೆ ಹೇಳಿದಳು: "ಮೇಕೆ ಆ ಸೊಪ್ಪು ಮೂಸೋದೂ ಇಲ್ಲ. ನಾವು ಅದಕ್ಕೆ ಕಬ್ಬಿಣ ಮುಟ್ಸಲ್ಲ. ಹೆರಿಗೆಯಾದ ಮನೆಗೆ ಅಂತ ಕೈಯಲ್ಲೇ ನಾಕು ರೆಂಬೆ ಮುರ್ಕೊಂಡ್ ಹೋಗ್ತೀವಿ. ಇವರು ಉಳಿಸ್ತೀವಿ ಅಂತ ಬಂದ್ರು ನೋಡು, ಆವಾಗ ಸತ್ತೋಯ್ತು."

"ಅದು ವೈಜ್ಞಾನಿಕವಾಗಿ ಒಣಗಿದ್ದು ಅಜ್ಜಿ. ವರದಿ ಇದೆ," ಎಂದರು ವೆಂಕಟರಾಯಪ್ಪ.

ಅಜ್ಜಿಯ ಕಣ್ಣು ಕೊಂಬೆಯಲ್ಲಿದ್ದ ಟೋಪಿಯ ಮೇಲಿತ್ತು. ಶಾಮಲಮ್ಮನಿಗೆ ಅರ್ಥವಾಯಿತು, ಅವಳಿಗೆ ಈ ಮೂರನೆಯ ಗಿಡ ಮೊದಲಿನಿಂದಲೂ ಗೊತ್ತು. ತಪ್ಪು ಉತ್ತರಕ್ಕೆ ಇಪ್ಪತ್ತು ವರ್ಷ ಅಂಕ ಕಳೆದಿದ್ದ ಮೇಡಂ ಎದ್ದು ನಿಂತು ಸೀರೆಯ ಮಣ್ಣು ಕೊಡವಿಕೊಂಡರು.

"ಇಲ್ಲ ಸಾರ್. ಒಂದೂ ಉಳಿದಿಲ್ಲ."

"ಖಂಡಿತಾನಾ?"

"ಖಂಡಿತಾ. ಬೇಕಾದ್ರೆ ಬರೆದುಕೊಡ್ತೀನಿ."

ಗಿಡದ ಮಗ್ಗುಲಲ್ಲೇ ಕೂತು ಬರೆದರು: 'ಟೇಕಲ್ ಬೆಟ್ಟದಲ್ಲಿ ಸಂಪೂರ್ಣ ನಶಿಸಿದೆ.' ಕೆಳಗೆ ರುಜು, ತಾರೀಖು.

"ಛೆ! ಹೊತ್ತಿಗೆ ಸರಿಯಾಗಿ ಬಂದಿದ್ರೆ ಉಳಿಸ್ಬೋದಿತ್ತು," ಎಂದು ವೆಂಕಟರಾಯಪ್ಪ ನಿಜವಾಗಿಯೂ ಮರುಗಿದರು. ಟೋಪಿ ತೆಗೆದು ತಲೆಗಿಟ್ಟವರೇ ಎರಡು ಸಲ ಸೀನಿದರು. "ಏನ್ ಘಾಟಪ್ಪ ಈ ಗಿಡ! ಬನ್ನಿ ಮೇಡಂ, ಹೊರಡೋಣ."

"ನೀವು ಹೋಗಿರಿ. ನಾನು ಸ್ವಲ್ಪ ಕೂತು ಬರ್ತೀನಿ."

ಜೀಪಿನ ಸದ್ದು ದೂರವಾಯಿತು. ದೊಡ್ಡಮುನಿಯಮ್ಮ ಬಂದು ಬಂಡೆಯ ನೆರಳಿನಲ್ಲಿ ಕೂತು ಬಟ್ಟೆಯ ಗಂಟು ಬಿಚ್ಚಿದಳು. ತಂಗಳು ಮುದ್ದೆಯನ್ನು ಎರಡಾಗಿ ಮುರಿದಳು. ದೊಡ್ಡ ಪಾಲನ್ನು ಮುತ್ತುಗದ ಎಲೆಗೆ ಹಾಕಿ, ಮೇಲೊಂದಿಷ್ಟು ಹುರುಳಿಕಾಳಿನ ಉಸಲಿಯಿಟ್ಟು, ಶಾಮಲಮ್ಮನ ಕೈಗೆ ಕೊಟ್ಟಳು.