ವಾಪಸ್ ಬಾರದ ಕರೆಂಟ್

"ಜೇಬಲ್ಲಿ ಏನಿದೆ, ತೆಗಿ" ಎಂದು ಅವಳು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು.

ಸುರುಳಿ ನಕ್ಕ. ತಾಮ್ರದ ತಂತಿ ಸುತ್ತುವುದರಲ್ಲಿ ಪಳಗಿದ ಕೈ ಅವನದು. ಕಾಲೇಜಿನಲ್ಲೇ ಅಂಟಿದ ಹೆಸರು. ಎರಡು ಸ್ಕ್ರೂ, ಒಂದು ಪೆಪ್ಪರ್‌ಮಿಂಟು ತೆಗೆದು ಅಂಗೈಯಲ್ಲಿ ಚಾಚಿದ.

"ಮೋಟರ್ ಸಿಗ್ಲಿಲ್ವಾ? ಈ ಕಡೆ ಜೇಬೂ ನೋಡ್ಬಿಡು."

"ಕಂಟ್ರೋಲರ್ ಡಬ್ಬಿ ಯಾಕೆ ಬಿಚ್ಚಿದ್ದೆ?"

"ಬೆಸುಗೆ ನೋಡು ಅಂತ ನಿನ್ನೆ ನೀನೇ ತಾನೇ ಹೇಳಿದ್ದು?"

"ನೋಡು ಅಂದೆ. ನಾನಿಲ್ಲದಾಗ ನೋಡು ಅನ್ಲಿಲ್ಲ."

ಅವನ ನಗು ಅಲ್ಲಿಗೇ ನಿಂತಿತು.

ಶೆಡ್ಡಿನ ನಡುವೆ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ. ಚಾಲಕನಿಗೊಂದೇ ಸೀಟು, ಹಿಂದೆ ಮರಳು ಮೂಟೆಗಳು. ಹಿಂಬದಿಯ ಎರಡೂ ಚಕ್ರಗಳ ಹೊಟ್ಟೆಯೊಳಗೆ ಅವಳ ಮೋಟರುಗಳು. ಸರಪಳಿ ಇಲ್ಲ, ಗೇರ್ ಇಲ್ಲ. ಇಷ್ಟನ್ನು ಬೇರೆಯವರೂ ಮಾಡಿದ್ದರು. ಅವಳು ಮಾಡಿದ ಹೊಸತು ಗೊತ್ತಾಗುವುದು ಇಳಿಜಾರಿನಲ್ಲಿ. ಗಾಡಿ ಗುಡ್ಡ ಇಳಿಯುವಾಗ ಚಕ್ರವೇ ಕರೆಂಟ್ ಹುಟ್ಟಿಸಬೇಕು, ಕಂಟ್ರೋಲರ್ ಅದನ್ನು ಬ್ಯಾಟರಿಗೆ ತುಂಬಬೇಕು. ಹತ್ತುವಾಗ ಖರ್ಚಾದದ್ದರಲ್ಲಿ ದೊಡ್ಡ ಪಾಲು ಇಳಿಯುವಾಗ ವಾಪಸ್ ಬರಬೇಕು.

ಶೆಡ್ಡಿನಲ್ಲಿ ಬರುತ್ತಿತ್ತು. ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಕೀ ಆನ್ ಮಾಡಿ ಕಂಟ್ರೋಲರಿಗೆ ಜೀವ ಬರಿಸಿ, ಇನ್ನೊಂದು ಯಂತ್ರದಿಂದ ಚಕ್ರ ತಿರುಗಿಸಿದರೆ ಮೀಟರಿನ ಅಂಕಿ ಸರಸರ ಏರುತ್ತಿತ್ತು. ಗುಡ್ಡದ ರಸ್ತೆ ಸುತ್ತಿ ಬಂದರೆ ಮಾತ್ರ ಹೋದದ್ದಷ್ಟೇ ಲೆಕ್ಕ, ಬಂದದ್ದು ಹೆಚ್ಚುಕಮ್ಮಿ ಸೊನ್ನೆ. ತಿಂಗಳುಗಟ್ಟಲೆ ಇದೇ ಹಾಡು. ಅಯಸ್ಕಾಂತ ಬದಲಿಸಿದಳು. ತಂತಿ ಬಿಚ್ಚಿ ಹೊಸದಾಗಿ ಸುತ್ತಿಸಿದಳು. ಪ್ರೋಗ್ರಾಂ ಅಳಿಸಿ ಬರೆದಳು. ಕೊನೆಗೆ ಮನುಷ್ಯರ ಕಡೆ ತಿರುಗಿದಳು.

ಗಾಡಿ ಹೊರಡುವ ಮುಂಚೆ ಡಬ್ಬಿ ಮುಚ್ಚುತ್ತಿದ್ದವನು ಸುರುಳಿ. ಇಂಥದೇ ಮೋಟರ್ ಕಟ್ಟುತ್ತಿದ್ದ ಎದುರಾಳಿ ಕಂಪನಿಯ ಕರೆ ಬರುತ್ತಿದ್ದದ್ದೂ ಸುರುಳಿಯ ಫೋನಿಗೇ. ಮೇಜಿನ ಮೇಲೆ ಅದು ಬೆಳಗಿದ್ದನ್ನು ನಿನ್ನೆ ಅವಳು ಕಣ್ಣಾರೆ ಕಂಡಿದ್ದಳು.

"ಅವರ ಹತ್ರ ಹೋಗೋದಾದ್ರೆ ಹೋಗು. ಇದರ ಕತ್ತು ಹಿಸುಕಿ ಹೋಗ್ಬೇಕಾ?"

"ಅವರು ಕರೀತಾನೇ ಇದಾರೆ, ನಾನು ಒಲ್ಲೆ ಅಂತಾನೇ ಇದೀನಿ. ಇನ್ಮೇಲೆ ಅನ್ನಲ್ಲ ಬಿಡು." ಸುರುಳಿ ಸ್ಕ್ರೂಗಳನ್ನು ಮೇಜಿನ ಮೇಲಿಟ್ಟ. ಬಾಗಿಲು ದಾಟಿದವನು ತಿರುಗಿ, "ಒಂದ್ಸಲ ನೀನೇ ಓಡಿಸಿ ನೋಡು" ಎಂದ.

ಕುಟುಕಿಯೇ ಹೋದ ಎಂದುಕೊಂಡಳು. ಅವಳಿಗೆ ಗಾಡಿ ಓಡಿಸಲು ಬಾರದು. ಕಲಿಯಲು ಹೋಗಿ ಗೋಡೆಗೆ ಗುದ್ದಿದ್ದು ಕಾಲೇಜಿಗೆಲ್ಲ ಗೊತ್ತಿತ್ತು.

ಡಬ್ಬಿಯಲ್ಲಿದ್ದ ಕಂಟ್ರೋಲರನ್ನು ಕಿತ್ತು ಹೊಸದನ್ನು ತಾನೇ ಕೂರಿಸಿದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಮೋಟರ್ ಕೊಳ್ಳಲು ಆಸಕ್ತಿ ತೋರಿಸಿದ್ದ ಕಂಪನಿಯ ಹಿರಿಯ ಇಂಜಿನಿಯರ್ ಇನ್ನೇನು ಬರುವವರಿದ್ದರು. ಅವರು ಒಪ್ಪಿದರೆ ಮೋಟರ್ ಕಾರ್ಖಾನೆಗೆ. ಒಪ್ಪದಿದ್ದರೆ ಕಾಲೇಜಿನ ಈ ಶೆಡ್ಡನ್ನು ಇವತ್ತೇ ಖಾಲಿ ಮಾಡಬೇಕು.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಲಾರಿ ಓಡಿಸಿ ನಿವೃತ್ತರಾದವರು; ಮೊದಲ ದಿನದಿಂದಲೂ ಗಾಡಿಯ ಚಾಲಕ ಅವರೇ.

"ಎಲ್ಲಿ ನಮ್ಮ ತಂತಿ ಮಹಾರಾಯ?"

"ಹೋದ."

"ಇವತ್ತೇ ಹೋಗ್ಬೇಕಿತ್ತಾ?" ಮಗಳ ಮುಖ ನೋಡಿ ಅವರು ಮಾತು ಬದಲಿಸಿದರು. "ಇರ್ಲಿ. ಹೇಗೆ ಓಡಿಸ್ಲಿ ಹೇಳು, ಇಂಜಿನಿಯರಮ್ಮ."

ಮೊದಲ ದಿನ ಹೇಳಿದ್ದನ್ನೇ ಹೇಳಿದಳು. "ಲಾರಿ ಹೇಗೆ ಓಡಿಸ್ತಿದ್ರೋ ಹಾಗೇ ಓಡಿಸಿ ಅಪ್ಪ. ನಿಜವಾದ ಡ್ರೈವರ್ ಕೈಯಲ್ಲಿ ನಡೀದೇ ಇರೋ ಮೋಟರ್ ಯಾರಿಗೆ ಬೇಕು?"

"ನೀನು ಹೆದರ್ಬೇಡ ಪುಟ್ಟಿ. ಡೀಸೆಲ್ ಉಳಿಸಿದ್ದಕ್ಕೆ ನಮ್ಮ ಸಾಹುಕಾರರು ಎಲ್ಲರ ಮುಂದೆ ಬೆನ್ನು ತಟ್ಟಿದ್ರು. ಮಗಳ ಕರೆಂಟ್ ದಂಡ ಮಾಡ್ತೀನಾ?"

ಹಿರಿಯ ಇಂಜಿನಿಯರ್ ಬಂದರು. ಕಂಟ್ರೋಲರ್ ಡಬ್ಬಿಗೂ ಮೀಟರಿಗೂ ಟೇಪು ಸುತ್ತಿ ಮೇಲೆ ಸಹಿ ಹಾಕಿದರು. "ತಪ್ಪು ತಿಳ್ಕೋಬೇಡಮ್ಮ. ಎಲ್ಲ ಕಡೆ ಹೀಗೇ ಮಾಡ್ತೀವಿ."

"ಮಾಡಿ ಸಾರ್. ನನಗೂ ಅದೇ ಬೇಕು."

ಗಾಡಿ ಸದ್ದಿಲ್ಲದೆ ಗೇಟು ದಾಟಿತು. ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಅವಳು ಉಗುರು ಕಚ್ಚುತ್ತ ನಿಂತಳು. ಇಂಜಿನಿಯರ್ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಗುಡ್ಡದ ಆಚೆ ಬದಿಯಲ್ಲಿ ಈಗ ಇಳಿಯುತ್ತಿರಬೇಕು. ಈಗ ಚಕ್ರ ಕರೆಂಟ್ ಹುಟ್ಟಿಸುತ್ತಿರಬೇಕು. ಈಗ.

ಗುಡ್ಡ ಬಳಸಿ ಗಾಡಿ ಇನ್ನೊಂದು ದಿಕ್ಕಿನಿಂದ ಬಂದು ನಿಂತಿತು. ಟೇಪು ಹಾಗೇ ಇತ್ತು. ಇಂಜಿನಿಯರ್ ಬಗ್ಗಿ ಮೀಟರ್ ಓದಿದರು. ಅವಳೂ ಬಗ್ಗಿದಳು.

ವಾಪಸ್ ಬಂದದ್ದು ಹೆಚ್ಚುಕಮ್ಮಿ ಸೊನ್ನೆ.

"ಚಕ್ರ ಚೆನ್ನಾಗಿ ತಿರುಗುತ್ತಮ್ಮ. ತಿರುಗೋ ಚಕ್ರ ನಮ್ಮ ಹತ್ರ ಬೇಕಾದಷ್ಟಿದೆ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಕಾರು ಹತ್ತಿ ಹೊರಟುಹೋದರು.

ಈ ಸಲ ಡಬ್ಬಿ ಮುಟ್ಟಿದವಳು ಅವಳೊಬ್ಬಳೇ. ಹಾಗಾದರೆ ಸುರುಳಿ ಏನೂ ಮಾಡಿರಲಿಲ್ಲ. ಫೋನ್ ಮಾಡಿದಳು.

"ಡಬ್ಬೀಲಿ ಏನೂ ಇರ್ಲಿಲ್ಲ ಕಣೋ. ಮೋಟರೇ ಸರಿಯಿಲ್ಲ. ಸುಮ್ನೆ ನಿನ್ನ..."

"ಅವರಿಗೆ ಹೂಂ ಅಂದಾಯ್ತು" ಎಂದ ಸುರುಳಿ. ಫೋನ್ ಇಟ್ಟ.

ಅವಳು ಮರಳು ಮೂಟೆಯ ಮೇಲೆ ಕುಸಿದಳು. ಹಿಡಿದ ದಾರಿಯೇ ತಪ್ಪು. ಮೋಟರ್ ಕಟ್ಟುವುದು ತನ್ನ ಹಣೆಯಲ್ಲಿ ಬರೆದಿಲ್ಲ. ಶೆಡ್ಡಿನ ಬೀಗ ತೆಗೆದುಕೊಂಡು ಎದ್ದಳು.

ಅಪ್ಪ ಬಂದು ಅವಳ ಭುಜದ ಮೇಲೆ ಕೈಯಿಟ್ಟರು. "ನನ್ನ ಕೈಲಾದಷ್ಟು ನಾನೂ ಉಳಿಸ್ದೆ ಪುಟ್ಟಿ. ಲಾರೀಲಿ ಮಾಡ್ತಿದ್ದ ಹಾಗೇ, ಗುಡ್ಡದ ತುದಿ ಮುಟ್ಟಿದ್ದೇ ತಡ ಕೀ ಆಫ್ ಮಾಡ್ಕೊಂಡೇ ಇಳಿದಿದ್ದೀನಿ, ಒಂದು ದಿನಾನೂ ತಪ್ಪಿಸ್ಲಿಲ್ಲ."