ಹಿಂದೆ, ಹೊರಗೆ

ಬಾಳೆಲೆಯ ಕಟ್ಟು ಬಿಚ್ಚಿದಾಗ ಏಳುವ ಮಲ್ಲಿಗೆಯ ತಣ್ಣನೆಯ ವಾಸನೆಗೆ ಇಂದಿಗೂ ನಾನು ಮುಖ ತಿರುಗಿಸುತ್ತೇನೆ.

ಆಗ ನನಗೆ ಹನ್ನೊಂದು ವರ್ಷ. ಒಂದು ಮಧ್ಯಾಹ್ನ ಕುಲಶೇಖರದ ನಮ್ಮ ಮನೆಗೆ ಬೊಂಬಾಯಿಯಿಂದ ತಂತಿ ಬಂತು. ಅಕ್ಕನಿಗೆ ನಿಶ್ಚಯವಾಗಿದ್ದ ಹುಡುಗ ಆ ವಾರವೇ ಅಲ್ಲಿಂದ ಬರುವವನಿದ್ದ. ಅಪ್ಪ ಹಂಚಿನ ಕಾರ್ಖಾನೆಗೆ ಹೋಗಿದ್ದರು. ಮನೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವಳು ನಾನೊಬ್ಬಳೇ.

"ಎಂತ ಉಂಟು ಅದರಲ್ಲಿ? ಬೇಗ ಓದು" ಎಂದರು ಅಮ್ಮ.

'ಬಾಯ್ ಬ್ಯಾಕಿಂಗ್ ಔಟ್' ಎಂದಿತ್ತು. ಬಾಯ್ ಎಂದರೆ ಹುಡುಗ, ಬ್ಯಾಕ್ ಎಂದರೆ ಹಿಂದೆ, ಔಟ್ ಎಂದರೆ ಹೊರಗೆ. "ಹುಡುಗ ಹಿಂದೆ ಹೊರಗೆ ಇದ್ದಾನಂತೆ!" ಎಂದು ಕೂಗಿದೆ.

ಅಕ್ಕ ಎಲೆಯ ಕಟ್ಟು ಬಿಚ್ಚಿ, ಮಲ್ಲಿಗೆಯನ್ನು ಅರ್ಧ ಮುಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಓಡಿದಳು. "ಇವರದ್ದೊಂದು ತಮಾಷೆ" ಎಂದು ನಗುತ್ತ ಬಾವಿಯ ಆಚೆ, ಹಲಸಿನ ಮರದ ಮರೆಯಲ್ಲಿ ಹುಡುಕಿದಳು. ಆಮೇಲೆ ಬಾಗಿಲಲ್ಲೇ ಕಾದಳು.

ಸಂಜೆ ಅಪ್ಪ ತಂತಿ ಓದಿ ಜಗಲಿಯಲ್ಲೇ ಕುಳಿತರು. "ಹುಡುಗ ಹಿಂದೆ ಸರಿದಿದ್ದಾನೆ" ಎಂದು ಅಮ್ಮನಿಗೆ ಮೆಲ್ಲಗೆ ಹೇಳಿದರು.

ನಾನು ಅಳುತ್ತ ಅಕ್ಕನ ಬಳಿಗೆ ಹೋದೆ. ಅವಳು ಹಿತ್ತಿಲ ಬಾಗಿಲ ಚಿಲಕ ಹಾಕುತ್ತಿದ್ದಳು.

"ಅಳ್ಬೇಡ ಮಾರಾಯ್ತಿ" ಎಂದಳು. "ನಿನ್ನ ಇಂಗ್ಲಿಷಿನಲ್ಲಾದರೂ ಅವರು ಒಮ್ಮೆ ಬಂದ್ರಲ್ಲ."